ಮೆತ್ತಗಿನ ದನಿಯಲ್ಲಿ ಗಟ್ಟಿ ಮಾತು: ಒಬ್ಬ ಕಿರಿಯ ನರ್ಸಿನ ಪ್ರಕರಣ

ಈ ಪ್ರಕರಣದಲ್ಲಿ ಬರುವ ನರ್ಸ್ ಒಪ್ಪಿದ ಮೇಲೆಯೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವಳನ್ನು ಇಲ್ಲಿ ‘ಕಿರಿಯವಳು’ ಎಂದಷ್ಟೇ ಕರೆಯುತ್ತೇನೆ. ವಾರ್ಡಿನಲ್ಲಿ ಅವಳಿಗೆ ಕೆಲಸ ಕಲಿಸುವ ಹೊಣೆ ನನ್ನದಾಗಿತ್ತು. ಹಾಗಾಗಿ ಇದರಲ್ಲಿ ನನ್ನ ತಪ್ಪೂ ಇದೆ. ಅದನ್ನು ಬಿಟ್ಟು ಬರೆದರೆ ಓದುವವರಿಗೆ ಏನೂ ಉಪಯೋಗವಿಲ್ಲ.

ಹಿನ್ನೆಲೆ

ಕಿರಿಯವಳು ನಮ್ಮ ವಾರ್ಡಿಗೆ ಬಂದು ಎಂಟು ತಿಂಗಳಾಗಿತ್ತು. ರೋಗಿಗಳಿಗೆಲ್ಲ ಅವಳೆಂದರೆ ಇಷ್ಟ. ಸೂಜಿ ಚುಚ್ಚುವ ಮೊದಲು ಕೈ ಹಿಡಿದು ಎರಡು ಮಾತಾಡುತ್ತಿದ್ದಳು. ರಾತ್ರಿ ನಿದ್ದೆ ಬಾರದ ಹಿರಿಯರ ಪಕ್ಕ ಐದು ನಿಮಿಷ ಕೂತು ಬರುತ್ತಿದ್ದಳು. ಯಾರು ಗದರಿದರೂ ಎದುರು ಮಾತಿಲ್ಲ. ಡ್ಯೂಟಿ ಬದಲಿಸಿಕೋ ಎಂದರೆ ಬದಲಿಸಿಕೊಳ್ಳುತ್ತಿದ್ದಳು. ಮೂರನೇ ರಾತ್ರಿಯನ್ನೂ ನೀನೇ ಮಾಡು ಎಂದರೆ ಮಾಡುತ್ತಿದ್ದಳು. ‘ಎಷ್ಟು ಒಳ್ಳೇ ಹುಡುಗಿ, ಬಾಯಿ ಇದ್ದೂ ಇಲ್ಲದ ಹಾಗೆ’ ಎಂದು ನಾವೆಲ್ಲ ಹೇಳುತ್ತಿದ್ದೆವು. ಹೊಗಳಿಕೆ ಎಂದುಕೊಂಡೇ ಹೇಳುತ್ತಿದ್ದೆವು. ಈಗ ಆ ಮಾತು ನೆನಪಾದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಆ ರಾತ್ರಿ

ಸಕ್ಕರೆ ಕಾಯಿಲೆಯ ರೋಗಿಯೊಬ್ಬರಿಗೆ ಇನ್ಸುಲಿನ್ ಕೊಡಬೇಕಿತ್ತು. ಚೀಟಿಯಲ್ಲಿ 6 ಎಂಬ ಅಂಕಿಯ ಪಕ್ಕದಲ್ಲಿ ‘ಯೂನಿಟ್’ ಎನ್ನುವುದಕ್ಕೆ ಇಂಗ್ಲಿಷಿನ ‘ಯು’ ಅಕ್ಷರ ಒಂದನ್ನೇ ಬರೆದಿದ್ದರು. ಅವಸರದ ಕೈಬರಹ. ಆ ಅಕ್ಷರದ ಬಾಯಿ ಮುಚ್ಚಿಕೊಂಡು ಸೊನ್ನೆಯ ಹಾಗೆ ಕಾಣುತ್ತಿತ್ತು. 6 ಯೂನಿಟ್ ಇದ್ದದ್ದು 60 ಆಯಿತು. ಇಂಥ ಗೊಂದಲ ಹೊಸದೇನಲ್ಲ. ‘ಯೂನಿಟ್’ ಎಂಬ ಪದವನ್ನು ಪೂರ್ತಿ ಬರೆಯಿರಿ ಎಂದು ಔಷಧ ಸುರಕ್ಷತೆಯ ಪಾಠಗಳಲ್ಲಿ ಒತ್ತಿ ಹೇಳುವುದು ಇದಕ್ಕಾಗಿಯೇ.

ಕಿರಿಯವಳಿಗೆ ಅನುಮಾನ ಬಂತು. ಬಂದದ್ದು ಓದುವಾಗ ಅಲ್ಲ, ಔಷಧ ಎಳೆಯುವಾಗ. ಕೈಯಲ್ಲಿದ್ದ ಸಿರಿಂಜು 50 ಯೂನಿಟ್ ಹಿಡಿಯುವಂಥದ್ದು. 60 ಕೊಡಬೇಕೆಂದರೆ ಒಂದೇ ಸಲಕ್ಕೆ ಆಗುವುದಿಲ್ಲ, ಇನ್ನೊಮ್ಮೆ ಎಳೆಯಬೇಕು. ‘ಅಲ್ಲೇ ನನ್ನ ಕೈ ನಿಂತುಬಿಡ್ತು’ ಎಂದು ಆಮೇಲೆ ಹೇಳಿದಳು.

ಇನ್ಸುಲಿನ್ ಕೊಡುವ ಮುನ್ನ ಇನ್ನೊಬ್ಬರು ನೋಡಿ ಸಹಿ ಹಾಕಬೇಕೆಂಬ ನಿಯಮ ನಮ್ಮಲ್ಲಿತ್ತು. ಆ ರಾತ್ರಿ ಇದ್ದ ಹಿರಿಯ ಸಿಸ್ಟರ್ ಪಕ್ಕದ ಹಾಸಿಗೆಯ ರೋಗಿಗೆ ಆಕ್ಸಿಜನ್ ಹಾಕುತ್ತಿದ್ದರು. ಕಿರಿಯವಳು ಹೋಗಿ, ‘ಸಿಸ್ಟರ್, ಇದು ಸ್ವಲ್ಪ ಜಾಸ್ತಿ ಏನೋ ಅನ್ಸುತ್ತಾ?’ ಎಂದು ಕೇಳಿದಳು. ಅವರು ತಲೆ ಎತ್ತಲಿಲ್ಲ. ‘ಬರೆದಿದ್ದಾರಲ್ಲ, ಕೊಡು. ಎಲ್ಲದಕ್ಕೂ ಕೇಳ್ತಾ ಕೂತ್ರೆ ಬೆಳಗಾಗುತ್ತೆ’ ಎಂದರು.

‘ಸರಿ ಸಿಸ್ಟರ್.’

ಎರಡು ಸಲ ಚುಚ್ಚಿ 60 ಯೂನಿಟ್ ಕೊಟ್ಟಳು. ಆದರೆ ಕೂರಲಾಗಲಿಲ್ಲ. ಮೂರು ಸಲ ಎದ್ದು ಹೋಗಿ ರೋಗಿಯನ್ನು ನೋಡಿ ಬಂದಳು. ನಾಲ್ಕನೇ ಸಲ ಹೋದಾಗ ಅವರು ಬೆವರಿ ತೊಯ್ದುಹೋಗಿದ್ದರು. ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ರಕ್ತದ ಸಕ್ಕರೆ 38. ಅದು 70ಕ್ಕಿಂತ ಕೆಳಗಿಳಿದರೇ ಎಚ್ಚರ ಬೇಕು, 54ಕ್ಕಿಂತ ಕೆಳಗೆ ಹೋದರೆ ಗಂಭೀರ. ತಕ್ಷಣ ರಕ್ತನಾಳಕ್ಕೆ ಗ್ಲೂಕೋಸ್ ಕೊಟ್ಟರು. ಇನ್ಸುಲಿನ್ ಒಮ್ಮೆ ಒಳಗೆ ಹೋದರೆ ಗಂಟೆಗಟ್ಟಲೆ ಕೆಲಸ ಮಾಡುತ್ತಲೇ ಇರುತ್ತದೆ. ಬೆಳಗಿನವರೆಗೂ ಡ್ರಿಪ್ ಓಡಿಸುತ್ತಾ, ಮತ್ತೆ ಮತ್ತೆ ಬೆರಳು ಚುಚ್ಚಿ ನೋಡುತ್ತಾ ಕಾದರು. ರೋಗಿ ಉಳಿದರು. ನಡೆದದ್ದನ್ನು ಅವರಿಗೂ ಮನೆಯವರಿಗೂ ಮುಚ್ಚಿಡದೆ ಹೇಳಲಾಯಿತು.

ಸಮಸ್ಯೆ ಎಲ್ಲಿತ್ತು

ವಿಚಾರಣೆಯಾಯಿತು. ಚೀಟಿಯ ನಮೂನೆ ಬದಲಾಯಿತು. ಇಬ್ಬರು ನರ್ಸ್‌ಗಳು ಬೇರೆ ಬೇರೆಯಾಗಿ ಓದಿ ಆಮೇಲೆ ಹೋಲಿಸಿ ನೋಡಬೇಕು ಎಂಬ ನಿಯಮ ಬಂತು. ಎಲ್ಲ ಸರಿಯೇ. ಹಿರಿಯ ಸಿಸ್ಟರನ್ನು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಅವತ್ತು 30 ಹಾಸಿಗೆಗೆ ಇದ್ದವರು ಇಬ್ಬರೇ. ಅವರ ಕೈಯಲ್ಲಿ ಇನ್ನೊಂದು ಜೀವ ಇತ್ತು.

ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಕೈ ನಿಂತಿತ್ತು, ಅನುಮಾನ ಬಂದಿತ್ತು, ಕೇಳಿಯೂ ಇದ್ದಳು. ಇನ್ನೊಮ್ಮೆ ಯಾಕೆ ಕೇಳಲಿಲ್ಲ?

ಮೊದಲ ದಿನ ಅವಳು ಕೊಟ್ಟ ಉತ್ತರ: ‘ಸಿಸ್ಟರ್‌ಗೆ ಬೇಜಾರಾಗುತ್ತೆ ಅಂತ.’

ಐದಾರು ದಿನಗಳಾದ ಮೇಲೆ ಅವಳೇ ಬಂದು ಹೇಳಿದಳು: ‘ಅವರಿಗೆ ಬೇಜಾರಾಗುತ್ತೆ ಅಂದೆನಲ್ಲ, ಅದು ಸುಳ್ಳು. ಬೈಸಿಕೊಳ್ಳೋಕೆ ನಂಗೆ ಹೆದರಿಕೆ.’

ಈ ಪ್ರಕರಣದಲ್ಲಿ ನಾನು ಅತಿ ಹೆಚ್ಚು ಯೋಚಿಸಿದ್ದು ಈ ಎರಡು ಉತ್ತರಗಳ ಬಗ್ಗೆ. ಮೊದಲನೆಯದು ಕೇಳೋಕೆ ಕರುಣೆಯ ಹಾಗಿದೆ. ಎರಡನೆಯದು ನಿಜ. ಅವಳಲ್ಲಿ ಎರಡು ಬೇರೆ ಬೇರೆ ಗುಣಗಳಿದ್ದವು. ರೋಗಿಯ ಕೈ ಹಿಡಿಯುವಾಗ ಇದ್ದದ್ದು ಮೃದುತನ. ದೊಡ್ಡವರ ಮುಂದೆ ಬರುತ್ತಿದ್ದದ್ದು ಅಂಜಿಕೆ. ಎರಡೂ ಅದೇ ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರಿಂದ ನಮಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿರಲಿಲ್ಲ.

2,300 ವರ್ಷಗಳ ಹಿಂದೆಯೇ ಅರಿಸ್ಟಾಟಲ್ ಇದನ್ನು ಗುರುತಿಸಿದ್ದ. ಸೌಮ್ಯತೆಯನ್ನು ಅವನು ಒಳ್ಳೆಯ ಗುಣಗಳ ಸಾಲಿನಲ್ಲೇ ಇಟ್ಟ. ಆದರೆ ಸಿಟ್ಟು ಬರಲೇಬೇಕಾದ ಕಡೆಯೂ ಸಿಟ್ಟು ಬಾರದವರನ್ನು ಅವನು ಹೊಗಳಲಿಲ್ಲ. ಮುಂಗೋಪ ಹೇಗೆ ಒಂದು ದೋಷವೋ ಇದೂ ಹಾಗೇ ಒಂದು ದೋಷ ಎಂದ.

ಮೊದಲ ಪ್ರಯತ್ನ

ಇಲ್ಲಿ ನಾನು ಎಡವಿದೆ. ಅವಳನ್ನು ಕೂರಿಸಿಕೊಂಡು, ‘ಇಷ್ಟು ಮೆತ್ತಗಿದ್ರೆ ಆಗಲ್ಲ. ಬಗ್ಗಿದವರಿಗೆ ಒಂದು ಗುದ್ದು ಜಾಸ್ತಿ. ಗಟ್ಟಿಯಾಗು’ ಎಂದೆ. ಹೇಗೆ ಗಟ್ಟಿಯಾಗಬೇಕು, ಎಲ್ಲಿ, ಯಾರ ಮುಂದೆ, ಯಾವ ಮಾತಿನಲ್ಲಿ, ಒಂದನ್ನೂ ಹೇಳಲಿಲ್ಲ.

ಅವಳು ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದಳು. ಎರಡು ತಿಂಗಳಲ್ಲಿ ದನಿ ಬದಲಾಯಿತು. ರೋಗಿಯ ಕಡೆಯವರು ಒಂದೇ ಪ್ರಶ್ನೆ ಎರಡು ಸಲ ಕೇಳಿದರೆ ‘ಆಗಲೇ ಹೇಳಿದೆನಲ್ಲ’ ಎನ್ನುತ್ತಿದ್ದಳು. ಸಹಾಯಕರು ಒಂದು ಹೆಜ್ಜೆ ದೂರ ನಿಂತು ಮಾತಾಡಲು ಶುರು ಮಾಡಿದರು. ಹುಡುಗಿ ಬದಲಾಗಿದ್ದಾಳೆ ಎಂದು ನನಗೆ ಆಗ ಸಂತೋಷವೇ ಆಗಿತ್ತು. ಆದರೆ ಒಂದನ್ನು ನಾನು ಗಮನಿಸಲಿಲ್ಲ. ಅವಳ ಗಟ್ಟಿತನವೆಲ್ಲ ಕೆಳಗಿನವರ ಮೇಲೆ ಹೋಗುತ್ತಿತ್ತು. ಡಾಕ್ಟರ ಮುಂದೆ, ಹಿರಿಯ ಸಿಸ್ಟರ್ ಮುಂದೆ, ಅವಳು ಈಗಲೂ ಬಾಯಿಸತ್ತವಳೇ.

ಮೂರನೇ ತಿಂಗಳು ಒಂದು ಘಟನೆ ನಡೆಯಿತು. ಅವಳ ಕೈಕೆಳಗೆ ಕಲಿಯಲು ಬಂದಿದ್ದ ಹುಡುಗಿ ರಾತ್ರಿಯ ಒಂದು ಆ್ಯಂಟಿಬಯಾಟಿಕ್ ಕೊಡುವುದನ್ನು ಮರೆತಿದ್ದಳು. ಬೆಳಗ್ಗೆ ನೆನಪಾದಾಗ, ಕೊಟ್ಟಿದ್ದೇನೆ ಎಂದು ಚೀಟಿಯಲ್ಲಿ ಗುರುತು ಹಾಕಿಬಿಟ್ಟಳು. ಸೀಸೆಗಳ ಲೆಕ್ಕ ತಾಳೆಯಾಗದೆ ವಿಷಯ ಹೊರಬಂತು. ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ಅಕ್ಕ ಬೈತಾರೆ ಅಂತ.’

ಕಿರಿಯವಳು ಅಲ್ಲೇ ನಿಂತಿದ್ದಳು. ಅವಳ ಮುಖ ನೋಡಲಾಗಲಿಲ್ಲ. ತಾನು ಆಡಿದ ಮಾತನ್ನೇ ಇನ್ನೊಬ್ಬಳು ಆಡುವುದನ್ನು ಅವಳು ಕೇಳಿಸಿಕೊಂಡಿದ್ದಳು. ಬೈಯುವವಳ ಜಾಗದಲ್ಲಿ ಈಗ ತಾನಿದ್ದಳು.

1990ರ ದಶಕದಲ್ಲಿ ಏಮಿ ಎಡ್ಮಂಡ್ಸನ್ ಎಂಬ ಸಂಶೋಧಕಿ ಆಸ್ಪತ್ರೆಯ ತಂಡಗಳಲ್ಲಿ ಔಷಧದ ತಪ್ಪುಗಳ ಬಗ್ಗೆ ಅಧ್ಯಯನ ಮಾಡಿದಾಗ ಅಚ್ಚರಿಯ ಸಂಗತಿಯೊಂದು ಕಂಡಿತು. ಚೆನ್ನಾಗಿ ನಡೆಯುವ ತಂಡಗಳಲ್ಲೇ ತಪ್ಪುಗಳ ಲೆಕ್ಕ ಜಾಸ್ತಿ ಇತ್ತು. ಅಲ್ಲಿ ಜನ ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು ಎಂಬುದು ಅವರು ಕಂಡುಕೊಂಡ ಕಾರಣ. ನಮ್ಮ ವಾರ್ಡಿನಲ್ಲಿ ಆ ಮೂರು ತಿಂಗಳು ತಪ್ಪುಗಳ ವರದಿ ಕಡಿಮೆಯಾಗಿತ್ತು. ನಾನು ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡಿದ್ದೆ.

ಅವತ್ತು ಸಂಜೆ ಅವಳು ಬಂದು ಕೂತಳು. ‘ಆ ಹುಡುಗಿ ಬಾಯಿ ಮುಚ್ಚಿಸಿದ್ದು ನಾನೇ ಅಲ್ವಾ?’ ಎಂದಳು. ‘ನೀನೊಬ್ಬಳೇ ಅಲ್ಲ, ನಾನೂ ಇದ್ದೀನಿ’ ಎಂದೆ. ಮೊದಲಿನ ಹಾಗೇ ಇದ್ದುಬಿಡುತ್ತೇನೆ ಎಂದಳು. ಅದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು. 60 ಯೂನಿಟ್ ಕೊಟ್ಟದ್ದು ಆ ಮೊದಲಿನವಳೇ.

ಅಲ್ಲಿಂದ ನಾವು ಪ್ರಶ್ನೆಯನ್ನೇ ಬದಲಿಸಿದೆವು. ಎಷ್ಟು ಮೆತ್ತಗಿರಬೇಕು, ಎಷ್ಟು ಗಟ್ಟಿಯಾಗಿರಬೇಕು ಎಂದು ಅಳೆಯುವುದನ್ನು ಬಿಟ್ಟೆವು. ಯಾರ ಜೊತೆ ಮೆತ್ತಗೆ, ಯಾವ ವಿಷಯಕ್ಕೆ ಗಟ್ಟಿ ಎಂದು ಕೇಳಿಕೊಂಡೆವು. ಮನುಷ್ಯರ ಜೊತೆ ಮೆತ್ತಗೆ, ಅವರು ದೊಡ್ಡವರಿರಲಿ ಚಿಕ್ಕವರಿರಲಿ. ರೋಗಿಯ ಜೀವದ ವಿಷಯಕ್ಕೆ ಗಟ್ಟಿ, ಎದುರಿಗೆ ಯಾರೇ ಇರಲಿ.

ಎರಡನೇ ಪ್ರಯತ್ನ

ಹೇಳುವುದು ಸುಲಭ. ಇದನ್ನು ಬಾಯಿಗೆ ತರಿಸುವುದು ಹೇಗೆ? ದಾರಿ ಸಿಕ್ಕಿದ್ದು ವಿಮಾನಗಳ ಲೋಕದಿಂದ.

1977ರ ಮಾರ್ಚ್ 27ರಂದು ಟೆನೆರಿಫ್ ದ್ವೀಪದ ರನ್‌ವೇ ಮೇಲೆ, ಮಂಜಿನಲ್ಲಿ, ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿ ಹೊಡೆದವು. ಸತ್ತವರು 583 ಜನ. ಒಂದು ವಿಮಾನ ಅನುಮತಿ ಸಿಗುವ ಮೊದಲೇ ಓಡಲು ಶುರು ಮಾಡಿತ್ತು. ಅದರ ಫ್ಲೈಟ್ ಎಂಜಿನಿಯರ್‌ಗೆ ಅನುಮಾನ ಬಂದಿತ್ತು. ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿಲ್ಲವೇ ಎಂದು ಕೇಳಿದ. ಹೋಗಿದೆ ಎಂದು ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದ. ವಿಮಾನ ಓಡುತ್ತಲೇ ಇತ್ತು. ಮರುವರ್ಷ ಡಿಸೆಂಬರ್‌ನಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಹತ್ತಿರ ಇನ್ನೊಂದು ವಿಮಾನ ಇಂಧನ ಮುಗಿದು ಬಿತ್ತು, 10 ಜನ ಸತ್ತರು. ಕ್ಯಾಪ್ಟನ್ ಗಾಲಿಯ ತೊಂದರೆಯಲ್ಲಿ ಮುಳುಗಿಹೋಗಿದ್ದ. ಇಂಧನ ಕಡಿಮೆಯಾಗುತ್ತಿರುವುದು ಜೊತೆಗಿದ್ದವರಿಗೆ ಗೊತ್ತಿತ್ತು. ಅವನಿಗೆ ತಟ್ಟುವ ಹಾಗೆ ಅವರು ಹೇಳಲಿಲ್ಲ. 1979ರಲ್ಲಿ ನಾಸಾ ಈ ವಿಷಯಕ್ಕೆಂದೇ ಒಂದು ಕಾರ್ಯಾಗಾರ ನಡೆಸಿತು. ಕ್ಯಾಪ್ಟನ್ನರಿಗೆ ಕೇಳಿಸಿಕೊಳ್ಳುವುದನ್ನೂ ಕಿರಿಯರಿಗೆ ಹೇಳುವುದನ್ನೂ ಕಲಿಸುವ ತರಬೇತಿ ಬೆಳೆದದ್ದು ಅಲ್ಲಿಂದ. ಆಮೇಲೆ ಅದು ಆಸ್ಪತ್ರೆಗಳಿಗೂ ಬಂತು.

ಟೆನೆರಿಫ್ ಕಥೆ ಹೇಳಿದಾಗ ಕಿರಿಯವಳು ತುಂಬಾ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಹೋಗಿದೆ ಅಂದ್ಮೇಲೆ ಅವರೂ ಮತ್ತೆ ಕೇಳಲಿಲ್ಲ’ ಎಂದಳು.

ಈ ತರಬೇತಿಯಲ್ಲಿ ಹೇಳಿಕೊಡುವ ಮೆಟ್ಟಿಲುಗಳು ಮೂರು. ಮೊದಲು, ‘ನನಗೆ ಕಳವಳ ಆಗ್ತಿದೆ.’ ಕೇಳದಿದ್ದರೆ, ‘ಇದಕ್ಕೆ ನನ್ನ ಮನಸ್ಸು ಒಪ್ತಿಲ್ಲ.’ ಆಗಲೂ ಕೇಳದಿದ್ದರೆ, ‘ಇದು ರೋಗಿಯ ಸುರಕ್ಷತೆಯ ವಿಷಯ, ನಿಲ್ಲಿಸೋಣ.’ ದನಿ ಏರಿಸಬೇಕಿಲ್ಲ, ಮಾತು ಮಾತ್ರ ಮೆಟ್ಟಿಲು ಹತ್ತುತ್ತದೆ. ಹುಟ್ಟಾ ಸಣ್ಣ ದನಿಯವರಿಗೆ ಇದು ವರದಾನ ಎಂದು ನನಗನ್ನಿಸುತ್ತದೆ. ಸ್ವಭಾವ ಬಿಟ್ಟುಕೊಡದೆಯೇ ಗಟ್ಟಿಯಾಗಬಹುದು.

ಸಾಮಾನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದೆವು. ಆ ರಾತ್ರಿಯ ಮಾತನ್ನೇ ಮತ್ತೆ ಕಟ್ಟಿದೆವು: ‘ಸಿಸ್ಟರ್, ನಿನ್ನೆವರೆಗೂ ಇವರಿಗೆ 6 ಯೂನಿಟ್. ಇವತ್ತು ನಾನು 60 ಓದ್ತಿದ್ದೀನಿ. ಡಾಕ್ಟರನ್ನ ಕೇಳೋವರೆಗೆ ನಾನು ಕೊಡಲ್ಲ.’ ನಾನು ಹಿರಿಯ ಸಿಸ್ಟರ್ ಪಾತ್ರ ಮಾಡಿ ಗದರುತ್ತಿದ್ದೆ. ಮೊದಲ ಸಲ ಕಿರುಚಿದಳು. ಎರಡನೇ ಸಲ ‘ಸಾರಿ’ಯಿಂದ ಶುರು ಮಾಡಿದಳು.

ಆಗ ನನಗೊಂದು ವಿಷಯ ಹೊಳೆಯಿತು. ನಮ್ಮ ಭಾಷೆಯಲ್ಲಿ ‘ಇಲ್ಲ’ ಬರುವುದು ವಾಕ್ಯದ ಕೊನೆಯಲ್ಲಿ. ಅಂಜುವವರು ನುಂಗುವುದೂ ವಾಕ್ಯದ ಕೊನೆಯನ್ನೇ. ‘ನಾನು ಕೊಡಲ್ಲ’ ಎನ್ನುವುದು ಅವಳ ಬಾಯಲ್ಲಿ ‘ನಾನು ಕೊಡ...’ ಎಂದು ಕರಗಿಹೋಗುತ್ತಿತ್ತು. ಕೇಳುವವರಿಗೆ ಕೊಡುತ್ತೇನೆ ಎಂದಂತೆಯೂ ಆಗಬಹುದು. ಜೊತೆಗೆ ‘ಸ್ವಲ್ಪ’, ‘ಏನೋ’, ‘ಅನ್ಸುತ್ತೆ’ ಎಂಬ ಮೂರು ದಿಂಬುಗಳು. ಅನುಮಾನದ ತಲೆಗೆ ಇವನ್ನು ಕೊಟ್ಟರೆ ಅದು ಮಲಗಿಬಿಡುತ್ತದೆ. ಮೂರನ್ನೂ ತೆಗೆದೆವು. ಕೊನೆಯ ಪದ ಮೊದಲ ಪದದಷ್ಟೇ ಸ್ಪಷ್ಟವಾಗಿರಬೇಕು ಎಂದು ಒಪ್ಪಂದ ಮಾಡಿಕೊಂಡೆವು. ಒಂಬತ್ತನೇ ಸಲ ಸರಿಯಾಗಿ ಬಂತು. ದನಿ ಅದೇ ಸಣ್ಣ ದನಿ. ಆದರೆ ನನಗೆ ಎದುರು ಹೇಳಲು ಏನೂ ಉಳಿಯಲಿಲ್ಲ.

ಆಮೇಲೆ ದಿನಕ್ಕೊಂದು ಸಣ್ಣ ಕೆಲಸ. ‘ಯೂನಿಟ್’ ಪೂರ್ತಿ ಬರೆದುಕೊಡಿ ಎಂದು ಡಾಕ್ಟರನ್ನು ಕೇಳುವುದು. ಕೈ ತೊಳೆಯದೆ ರೋಗಿಯನ್ನು ಮುಟ್ಟಲು ಹೊರಟ ಹಿರಿಯರಿಗೆ ನೆನಪಿಸುವುದು. ಮೂರನೇ ರಾತ್ರಿ ಡ್ಯೂಟಿಗೆ ಒಲ್ಲೆ ಎನ್ನುವುದು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲೇ ಹೇಳಿದ್ದ ಮಾತಿದು: ‘ನನ್ನಿಂದಾಗುತ್ತೆ’ ಎಂಬ ನಂಬಿಕೆಗೆ ಬೇರೆಯವರ ಹುರಿದುಂಬಿಸುವ ಮಾತಿಗಿಂತ ಸ್ವಂತ ಮಾಡಿ ಗೆದ್ದ ಅನುಭವವೇ ಹೆಚ್ಚಿನ ಬಲ. ‘ಗಟ್ಟಿಯಾಗು’ ಎಂಬ ನನ್ನ ಉಪದೇಶ ಯಾಕೆ ಕೆಟ್ಟಿತು ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಮೃದುತನವನ್ನೂ ಅವಳು ಮತ್ತೆ ಕಲಿಯಬೇಕಾಯಿತು. ಇದು ನಾನು ಎಣಿಸಿದ್ದಕ್ಕಿಂತ ಕಷ್ಟವಾಯಿತು. ಕಲಿಯುವ ಹುಡುಗಿಯ ಬಳಿ ಹೋಗಿ, ‘ನೀನು ನನಗೆ ಹೇಳೋಕೆ ಹೆದರಿದ್ದು ನನ್ನ ತಪ್ಪು. ಕೊಡದ ಔಷಧಕ್ಕೆ ಗುರುತು ಹಾಕಿದ್ದು ನಿನ್ನ ತಪ್ಪು. ಎರಡನ್ನೂ ಸರಿ ಮಾಡೋಣ’ ಎಂದಳು. ಇಬ್ಬರೂ ಕೂತು ವರದಿ ಬರೆದರು. ಎರಡನೇ ವಾಕ್ಯವನ್ನು ಅವಳು ಬಿಡದಿದ್ದುದಕ್ಕೆ ನನಗೆ ಅವಳ ಮೇಲೆ ಗೌರವ ಹೆಚ್ಚಾಯಿತು. ಕ್ಷಮೆ ಕೇಳುವ ಭರದಲ್ಲಿ ಆ ಹುಡುಗಿಯ ತಪ್ಪನ್ನೂ ತಾನೇ ಹೊತ್ತುಕೊಂಡಿದ್ದರೆ, ಹಳೆಯ ಅಂಜಿಕೆಯೇ ಬಟ್ಟೆ ಬದಲಿಸಿ ಬಂದಂತಾಗುತ್ತಿತ್ತು.

ಏನಾಯಿತು

ಒಂದು ಸಲ ಪೆನಿಸಿಲಿನ್ ಅಲರ್ಜಿ ಇದ್ದ ರೋಗಿಗೆ ಅಮಾಕ್ಸಿಸಿಲಿನ್ ಇರುವ ಮಾತ್ರೆ ಬರೆದಿದ್ದರು. ಅದೂ ಪೆನಿಸಿಲಿನ್ ಗುಂಪಿನದೇ, ಆದರೆ ಮಾತ್ರೆಯ ಹೆಸರಿನಲ್ಲಿ ಅದು ಕಾಣುವುದಿಲ್ಲ. ಕಿರಿಯವಳು ಹಿಡಿದಳು. ಮೊದಲ ಮೆಟ್ಟಿಲಿಗೇ ಡಾಕ್ಟರ್ ಬದಲಿಸಿದರು, ಧನ್ಯವಾದವನ್ನೂ ಹೇಳಿದರು. ಇಂಥ ಗೆಲುವಿನಿಂದ ಧೈರ್ಯ ಬರುತ್ತದೆ, ನಿಜ. ಆದರೆ ನನಗೆ ಅವಳ ಬಗ್ಗೆ ಭರವಸೆ ಹುಟ್ಟಿದ್ದು ಅವಳು ಸೋತ ದಿನ.

ಕ್ಯಾನ್ಸರ್ ನೋವಿನಿಂದ ನರಳುತ್ತಿದ್ದ ರೋಗಿಯೊಬ್ಬರು ದಾಖಲಾಗಿದ್ದರು. ಅವರಿಗೆ ಬರೆದ ಮಾರ್ಫಿನ್ ಪ್ರಮಾಣ ಅವಳು ಅಲ್ಲಿಯವರೆಗೆ ಯಾರಿಗೂ ಕೊಟ್ಟಿರದಷ್ಟು ಜಾಸ್ತಿ ಇತ್ತು. ಅವಳು ನಿಲ್ಲಿಸಿದಳು. ಡಾಕ್ಟರಿಗೆ ಫೋನ್ ಮಾಡಿ, ಅಂಕಿ ಹೇಳಿ, ‘ನನಗೆ ಕಳವಳ ಆಗ್ತಿದೆ’ ಎಂದಳು. ಅವರಿಗೆ ಸಿಟ್ಟು ಬಂತು. ಬರೆದದ್ದನ್ನು ಕೊಡಿ ಎಂದರು. ‘ಇದಕ್ಕೆ ನನ್ನ ಮನಸ್ಸು ಒಪ್ತಿಲ್ಲ ಡಾಕ್ಟರ್. ಕಾರಣ ಹೇಳಿದ್ರೆ ಈಗಲೇ ಕೊಡ್ತೀನಿ’ ಎಂದಳು. ಆ ಕಡೆ ಒಂದು ನಿಮಿಷ ಮೌನ. ಆಮೇಲೆ ಅವರು ವಿವರಿಸಿದರು. ಆ ರೋಗಿ ತಿಂಗಳುಗಟ್ಟಲೆಯಿಂದ ಮಾರ್ಫಿನ್ ತೆಗೆದುಕೊಳ್ಳುತ್ತಿದ್ದವರು, ದೇಹ ಒಗ್ಗಿಹೋಗಿತ್ತು. ಬೇರೆಯವರಿಗೆ ಅಪಾಯವಾಗುವಷ್ಟು ಪ್ರಮಾಣ ಅವರಿಗೆ ನೋವು ಇಳಿಸಲು ಬೇಕೇ ಬೇಕಿತ್ತು. ಹಳೆಯ ಫೈಲ್ ನಮ್ಮ ವಾರ್ಡಿಗೆ ಬಂದಿರಲಿಲ್ಲ.

ಡಾಕ್ಟರ್ ಹೇಳಿದ್ದು ಸರಿ ಇತ್ತು. ಅವಳ ಅನುಮಾನ ತಪ್ಪಾಗಿತ್ತು. ‘ಗೊತ್ತಾಯ್ತು ಡಾಕ್ಟರ್. ಹಳೇ ಡೋಸ್ ಇಲ್ಲಿ ಬರೆದಿಡ್ತೀನಿ, ಮುಂದಿನವರು ಮತ್ತೆ ನಿಮಗೆ ಫೋನ್ ಮಾಡಬೇಕಾಗಲ್ಲ’ ಎಂದು ಫೋನ್ ಇಟ್ಟಳು. ಔಷಧ ಕೊಟ್ಟಳು. ಇಷ್ಟಕ್ಕೆ ಮುಗಿಸಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವಳು ರೋಗಿಯ ಪಕ್ಕ ಕೂತು, ‘ನಿಮಗೆ ಇಪ್ಪತ್ತು ನಿಮಿಷ ಜಾಸ್ತಿ ನೋವಾಯ್ತು. ತಡ ಮಾಡಿದ್ದು ನಾನು. ಡೋಸ್ ಬಗ್ಗೆ ಅನುಮಾನ ಬಂತು, ಕೇಳಿದೆ. ನಿಮ್ಮ ಹಳೇ ವಿವರ ನನಗೆ ಗೊತ್ತಿರಲಿಲ್ಲ. ಕ್ಷಮಿಸಿ’ ಎಂದಳು. ಅವರು ಕಣ್ಣು ಮುಚ್ಚಿಕೊಂಡೇ ಅವಳ ಕೈ ಹಿಡಿದುಕೊಂಡರು.

ಮೊದಲಿನ ಕಿರಿಯವಳು ಡಾಕ್ಟರಿಗೆ ಫೋನ್ ಮಾಡುತ್ತಿರಲಿಲ್ಲ. ನಡುವಿನ ಮೂರು ತಿಂಗಳಿನ ಕಿರಿಯವಳು ರೋಗಿಯ ಪಕ್ಕ ಕೂರುತ್ತಿರಲಿಲ್ಲ. ಅವತ್ತು ಎರಡನ್ನೂ ಮಾಡಿದವಳಿಗೆ ತಾನು ಎರಡು ಬೇರೆ ಗುಣಗಳನ್ನು ತೋರಿಸುತ್ತಿದ್ದೇನೆ ಎಂದು ಅನ್ನಿಸಿರಲಾರದು. ಕೇಳಿದ್ದೂ ಆ ರೋಗಿಗಾಗಿ, ಕ್ಷಮೆ ಕೇಳಿದ್ದೂ ಆ ರೋಗಿಗಾಗಿ.

ನಾನು ಕಲಿತದ್ದು

ಮೆತ್ತಗಿನ ಸ್ವಭಾವದವರನ್ನು ಕಂಡರೆ ಈಗ ನಾನು ಒಂದನ್ನು ಗಮನಿಸುತ್ತೇನೆ. ಅವರು ಯಾರ ಮುಂದೆ ಮೆತ್ತಗಾಗುತ್ತಾರೆ? ತಮಗಿಂತ ದುರ್ಬಲರ ಮುಂದೆಯೂ ಹಾಗೇ ಇದ್ದರೆ ಅದು ನಿಜವಾದ ಮೃದುತನ. ಬಲವಿದ್ದವರ ಮುಂದೆ ಮಾತ್ರ ಮೆತ್ತಗಾದರೆ ಒಳಗೆ ಹೆದರಿಕೆ ಇದೆ, ಅದಕ್ಕೆ ಬೇರೆ ಆರೈಕೆ ಬೇಕು. ಧೈರ್ಯವಂತರು ಎನಿಸಿಕೊಂಡವರ ಬಗ್ಗೆಯೂ ಇದನ್ನೇ ತಿರುಗಿಸಿ ಕೇಳುತ್ತೇನೆ.

‘ಧೈರ್ಯವಾಗಿರು’ ಎಂದು ಬರಿ ಬಾಯಿಮಾತಿನಲ್ಲಿ ಹೇಳುವುದನ್ನು ಬಿಟ್ಟಿದ್ದೇನೆ. ವಾಕ್ಯ ಕೊಡುತ್ತೇನೆ, ಜೊತೆಗೆ ನಿಂತು ಹೇಳಿಸುತ್ತೇನೆ. ಕೇಳಿಸಿಕೊಳ್ಳುವವರನ್ನು ತಯಾರು ಮಾಡದೆ ಹೇಳುವವರ ಮೇಲಷ್ಟೇ ಭಾರ ಹಾಕುವುದು ಅನ್ಯಾಯ ಎಂಬುದೂ ಈಗ ಅರ್ಥವಾಗಿದೆ. ಆ ರಾತ್ರಿ ಹಿರಿಯ ಸಿಸ್ಟರ್ ತಲೆ ಎತ್ತಿ ಚೀಟಿ ನೋಡಿದ್ದರೆ ಕಿರಿಯವಳ ಅರೆಬರೆ ಪ್ರಶ್ನೆಯೇ ಸಾಕಾಗಿತ್ತು.

ಈಚೆಗೆ ಅವರಿಬ್ಬರಿಗೂ ಮತ್ತೆ ಒಂದೇ ರಾತ್ರಿ ಡ್ಯೂಟಿ ಬಿತ್ತು. ಇನ್ಸುಲಿನ್ ಕೊಡುವ ಹೊತ್ತಿಗೆ ಹಿರಿಯ ಸಿಸ್ಟರೇ ಚೀಟಿಯನ್ನು ತಮ್ಮ ಕಡೆ ತಿರುಗಿಸಿಕೊಂಡು ಮನಸ್ಸಿನಲ್ಲೇ ಓದಿದರಂತೆ. ಆಮೇಲೆ ‘ನೀನು ಎಷ್ಟು ಓದಿದೆ?’ ಎಂದು ಕೇಳಿದರಂತೆ. ‘8’ ಎಂದಳು. ‘ನಾನೂ 8’ ಎಂದರು. ಅಷ್ಟೇ.

ಆ ಹಳೆಯ ರಾತ್ರಿಯ ಬಗ್ಗೆ ಅವರಿಬ್ಬರೂ ಇವತ್ತಿನವರೆಗೆ ಮಾತಾಡಿಲ್ಲ. ಮಾತಾಡಬೇಕು ಎಂದು ಕಿರಿಯವಳಿಗೆ ಇದೆ. ಹೋದ ವಾರ ಮೊದಲ ವಾಕ್ಯವನ್ನು ಚೀಟಿಯಲ್ಲಿ ಬರೆದು ತಂದು ನನಗೆ ತೋರಿಸಿದಳು. ‘ಸಿಸ್ಟರ್, ಆ ರಾತ್ರಿ ನಿಮ್ಮ ಕೈ ತುಂಬಾ ಕೆಲಸ ಇತ್ತು ಅಂತ ಗೊತ್ತು. ನಾನು ಇನ್ನೊಮ್ಮೆ ಕೇಳಬೇಕಿತ್ತು, ನೀವು ನೋಡಬೇಕಿತ್ತು.’ ಎರಡು ಸಲ ಓದಿದೆ. ‘ಸ್ವಲ್ಪ’ ಇರಲಿಲ್ಲ, ‘ಏನೋ’ ಇರಲಿಲ್ಲ. ಚೀಟಿ ಮಡಚಿ ಅವಳ ಕೈಗೆ ಕೊಟ್ಟೆ.